ಖಂಬಾಟ್ಕಿ ಘಾಟ್, 98 ಡಿಗ್ರಿ: ಹೆಡ್ ಬಿಚ್ಚದೆ ಕಾರಿನ ಬಿಸಿ ಇಳಿಸಿದ ನನ್ನ ಅನುಭವ

ಕಳೆದ ಏಪ್ರಿಲ್ ಕೊನೆಯಲ್ಲಿ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಆನ್. ಹೊರಗೆ ಸುಡುಬಿಸಿಲು. ಪುಣೆ-ಸಾತಾರಾ ನಡುವಿನ ಖಂಬಾಟ್ಕಿ ಘಾಟಿನ ನೆತ್ತಿ ಮುಟ್ಟಿದಾಗ ಫೋನಿನಲ್ಲಿ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಬಿಸಿ 98 ಡಿಗ್ರಿ ಅಷ್ಟೇ ತೋರಿಸುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಳು. ಇದೇ ಕಾರು ಬಿಸಿಯಾಗುತ್ತಿದ್ದಾಗ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ ಅಂತ ಮೂರು ಗ್ಯಾರೇಜಿನವರು ಹೇಳಿದ್ದರು. ಹೆಡ್ಡಿನ ಒಂದು ಬೋಲ್ಟನ್ನೂ ನಾನು ಬಿಚ್ಚಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರು 2013ರದ್ದು, ಪೆಟ್ರೋಲ್, ಸಣ್ಣದು. ಈಗ ಸುಮಾರು 1 ಲಕ್ಷ 20 ಸಾವಿರ ಕಿ.ಮೀ. ಆಗಿದೆ. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಇಲ್ಲ. ಕೆಂಪು ದೀಪ ಮಾತ್ರ. ಆ ದೀಪ ಹತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ, ಇಂಥ ಕಾರು ಇಟ್ಟವರಿಗೆಲ್ಲ ಗೊತ್ತು.

ಶುರುವಾದದ್ದು 2023ರ ದೀಪಾವಳಿಗೆ. ಪುಣೆಯಿಂದ ಸಾತಾರಾ ಕಡೆಗೆ ಹೋಗುವಾಗ ಆಗ ಘಾಟ್ ಹತ್ತಲೇಬೇಕಿತ್ತು, ಸುರಂಗ ಇದ್ದದ್ದು ಬರುವ ದಾರಿಗೆ. ಹಬ್ಬದ ಟ್ರಾಫಿಕ್, ಮುಂದೆ ಸಕ್ಕರೆ ಕಾರ್ಖಾನೆಯ ಕಬ್ಬಿನ ಟ್ರಾಕ್ಟರ್. ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಫಸ್ಟ್. ಮೂರನೆಯ ತಿರುವಿನಲ್ಲಿ ಕೆಂಪು ದೀಪ ಹತ್ತಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಗಾಬರಿಯಲ್ಲಿ ಅರ್ಧ ಗಂಟೆ ಕೂಡ ಕಾಯದೆ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದೆ. ಅಂಗೈ ಸುಟ್ಟಿತು. ಕಲೆ ಈಗಲೂ ಇದೆ. ಒಂದು ತಾಸು ಬಿಟ್ಟು, ಕುಡಿಯಲು ತಂದಿದ್ದ ನೀರನ್ನೆಲ್ಲ ಅದಕ್ಕೆ ಸುರಿದು ಘಾಟ್ ದಾಟಿದೆವು. ಸಾತಾರಾದ ಹತ್ತಿರ ಹೆದ್ದಾರಿ ಪಕ್ಕದ ಮಿಸ್ತ್ರಿ, ಎಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತು ನನ್ನ ಕೈಗಿಟ್ಟ. "ಇದು ಇಲ್ಲದಿದ್ದರೇ ಗಾಡಿ ತಣ್ಣಗಿರುತ್ತದೆ" ಅಂದ. 400 ರೂಪಾಯಿ ತೆಗೆದುಕೊಂಡ. ಧಾರವಾಡ ಮುಟ್ಟಿದೆವು, ನಿಜ. ಆದರೆ ಅಲ್ಲಿಂದ ಮುಂದೆ ಹೆದ್ದಾರಿಯಲ್ಲಿ ಎಂಜಿನ್ ಬೆಚ್ಚಗೇ ಆಗುತ್ತಿರಲಿಲ್ಲ. ಲೀಟರಿಗೆ 17 ಕೊಡುತ್ತಿದ್ದ ಕಾರು 13ಕ್ಕೆ ಇಳಿಯಿತು. ಸಿಟಿಯಲ್ಲಿ, ಎ.ಸಿ. ಹಾಕಿ ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಮೊದಲಿನ ಹಾಗೆಯೇ ಬಿಸಿ.

ಪುಣೆಗೆ ಬಂದ ಮೇಲೆ ಗ್ಯಾರೇಜು ಗ್ಯಾರೇಜು ಅಲೆದೆ. ಒಬ್ಬ ನಮ್ಮ ವಿಜಯಪುರ ಕಡೆಯವನೇ, ಪುಣೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾನೆ. "ಸಾಹೇಬ್ರ, ಹೆಡ್ ಗ್ಯಾಸ್ಕೆಟ್ ಹೋಗೈತ್ರೀ. ಇಪ್ಪತ್ತೆಂಟು ಸಾವಿರ ಇಟ್ಕೊರ್ರಿ. ಬಿಚ್ಚಿದ ಮ್ಯಾಲೆ ಇನ್ನೂ ಏನೇನ್ ಬರತೈತೋ ಹೇಳಾಕ ಬರೂದಿಲ್ಲ" ಅಂದ. ಇನ್ನೊಬ್ಬ 24 ಸಾವಿರ ಹೇಳಿದ. ಮೂರನೆಯವನು ಗ್ಯಾಸ್ಕೆಟ್ಟೇ ಅಂತ ಹೇಳಿ, ಖರ್ಚು ಬೇಡವಾದರೆ ಇದನ್ನು ಹಾಕಿ ನೋಡಿ ಅಂತ ಒಂದು ಲೀಕ್ ಮುಚ್ಚುವ ಪುಡಿ ಕೊಟ್ಟ. 450 ರೂಪಾಯಿ. ನನ್ನ ಹೆಂಡತಿಯ ತಮ್ಮ ಧಾರವಾಡದಿಂದ ಫೋನ್ ಮಾಡಿ, "ಭಾವ, ಇದನ್ನ ಮಾರಿಬಿಡ್ರಿ, ಸುಮ್ನ ರೊಕ್ಕ ಹಾಕಬ್ಯಾಡ್ರಿ" ಅಂದ. ಮಾರಿದರೆ ಒಂದೂವರೆ ಲಕ್ಷ ಬರುತ್ತಿತ್ತು. ಅಷ್ಟರಲ್ಲಿ ಇಂಥದ್ದೇ ಇನ್ನೊಂದು ಹಳೆ ಕಾರು, ಇನ್ನೊಬ್ಬರ ರೋಗದ ಸಮೇತ ಸಿಗುತ್ತದೆ ಅಷ್ಟೆ.

ನಾನು ಮಾಡಿದ ದೊಡ್ಡ ತಪ್ಪು ಆ ಪುಡಿ. ದಯವಿಟ್ಟು ಯಾರೂ ಹಾಕಬೇಡಿ. 2024ರ ಬೇಸಿಗೆಗೆ ರೇಡಿಯೇಟರೇ ಕಟ್ಟಿಕೊಂಡಿತು. ಕಿತ್ತ ಮೇಲೆ ಆ ಹಳೆ ರೇಡಿಯೇಟರನ್ನು ಮನೆಗೆ ತಂದು ಗರಗಸದಿಂದ ಕೊಯ್ದು ನೋಡಿದೆ. ಸಣ್ಣ ಅಲ್ಯೂಮಿನಿಯಂ ನಳಿಗೆಗಳು, ಒಂದರ ಪಕ್ಕ ಒಂದು. ಅರ್ಧಕ್ಕರ್ಧ ನಳಿಗೆಗಳ ಬಾಯಿ ಕಂದು ಬಣ್ಣದ ಮಡ್ಡಿಯಿಂದ ಮುಚ್ಚಿತ್ತು. ಉಗುರಿನಿಂದ ಕೆರೆದರೆ ಒಣಗಿದ ಬೆಲ್ಲದ ಪಾಕದ ಹಾಗೆ ಚಕ್ಕೆ ಚಕ್ಕೆ ಏಳುತ್ತಿತ್ತು. ಅದರಡಿ ಬಿಳಿ ಪದರ, ಗಡಸು ನೀರಿನದು. ಬಿಸಿಯಾದಾಗಲೆಲ್ಲ ಸೊಸೈಟಿಯ ಬೋರ್ ನೀರು ಹಾಕಿದ್ದು ನಾನೇ ತಾನೆ.

ಅದರ ಬದಲಿಗೆ ಪುಣೆಯ ಬಿಡಿಭಾಗಗಳ ಪೇಟೆಯಾದ ನಾನಾ ಪೇಠೆಯಿಂದ 2,300 ರೂಪಾಯಿಯ ಡೂಪ್ಲಿಕೇಟ್ ರೇಡಿಯೇಟರ್ ತಂದು ಹಾಕಿಸಿದೆ. ಕೂಲಿ ಬೇರೆ 800. ನಾಲ್ಕೇ ತಿಂಗಳಿಗೆ, ಮಳೆಗಾಲದ ನಡುವೆ, ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಕೂಡುವ ಕಡೆ ಒಸರತೊಡಗಿತು. ಕಂಪನಿ ಮಾಲು ಆಗ 4,500ಕ್ಕೆ ಸಿಗುತ್ತಿತ್ತು. ಕೊನೆಗೆ ಅದನ್ನೂ ಕೊಂಡೆ. ಹಾಗಾಗಿ ಒಂದೇ ಜಾಗಕ್ಕೆ ಎರಡು ಸಲ ದುಡ್ಡು ಕಟ್ಟಿದ್ದಾಯಿತು.

ಹೊಸ ರೇಡಿಯೇಟರ್ ಕೂತ ಮೇಲೂ ಬಿಸಿ ಹೋಗಲಿಲ್ಲ. ಆಗ ಗ್ಯಾರೇಜು ಬಿಟ್ಟೆ. 600 ರೂಪಾಯಿಗೆ ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಸಾಧನ) ತಂದೆ, ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸುವುದು, ಮೊದಲೂ ಆಮೇಲೂ ಅಳೆಯುವುದು.

ಅಳತೆಗೆ ಎರಡು ಪರೀಕ್ಷೆ. ಮೊದಲನೆಯದು ಪಾರ್ಕಿಂಗಿನಲ್ಲಿ ಎ.ಸಿ. ಹಾಕಿ, ನಿಂತಲ್ಲೇ ಇಪ್ಪತ್ತು ನಿಮಿಷ ಎಂಜಿನ್ ಓಡಿಸುವುದು. ಎರಡನೆಯದು ಭಾನುವಾರ ಬೆಳಿಗ್ಗೆ ಆರಕ್ಕೆ ಕೊಂಢ್ವಾ ಕಡೆಯಿಂದ ಬೋಪದೇವ್ ಘಾಟ್. ಏರು ಚೆನ್ನಾಗಿದೆ, ಆ ಹೊತ್ತಿಗೆ ಟ್ರಾಫಿಕ್ ಇರುವುದಿಲ್ಲ, ಮನೆಯಿಂದ ದೂರವೂ ಅಲ್ಲ. ಬೇಕಂತಲೇ ಸೆಕೆಂಡ್ ಗೇರಿನಲ್ಲಿ, 25ರ ವೇಗದಲ್ಲಿ ಹತ್ತುವುದು. ಹೆಂಡತಿ ಫೋನ್ ನೋಡಿ ಓದುತ್ತಿದ್ದಳು. "ನೂರಾ ಒಂದು... ನೂರಾ ನಾಲ್ಕು... ರೀ, ನೂರಾ ಎಂಟಾತು, ನಿಲ್ಲಸ್ರೀ." ಮೊದಲ ಭಾನುವಾರದ ಲೆಕ್ಕ ಅದು. ಅರ್ಧ ಘಾಟ್ ಕೂಡ ಆಗಿರಲಿಲ್ಲ.

ಗ್ಯಾಸ್ಕೆಟ್ ಅನುಮಾನ ಮೊದಲು ತೀರಿಸಿಕೊಂಡೆ. ಎಣ್ಣೆ ಹಾಲಿನ ಹಾಗಾಗಿರಲಿಲ್ಲ, ಬೆಳಿಗ್ಗೆ ಬಿಳಿ ಹೊಗೆ ಇರಲಿಲ್ಲ. ರಾತ್ರಿಯಿಡೀ ನಿಂತ ಮೇಲೆ ರೇಡಿಯೇಟರಿನ ಮೇಲಿನ ಹೋಸ್ ಹಿಸುಕಿದರೆ ಮೆತ್ತಗೇ ಇತ್ತು. ಆದರೂ ಸಮಾಧಾನ ಆಗಲಿಲ್ಲ. ಗ್ಯಾಸ್ಕೆಟ್ ಹೋಗಿ ಕೂಲಂಟಿಗೆ ಸೇರಿದ ಸುಟ್ಟ ಗ್ಯಾಸ್ ತಗುಲಿದರೆ ನೀಲಿಯಿಂದ ಹಳದಿಗೆ ತಿರುಗುವ ದ್ರವದ ಕಿಟ್ ತರಿಸಿದೆ, 1,600 ರೂಪಾಯಿ ಇರಬೇಕು. ಎರಡು ಸಲ ಮಾಡಿದೆ. ಎರಡು ಸಲವೂ ನೀಲಿ ನೀಲಿಯಾಗಿಯೇ ಇತ್ತು. 28 ಸಾವಿರ ಅಲ್ಲಿಗೆ ಉಳಿಯಿತು. ಅದನ್ನು ಮೂರು ಗ್ಯಾರೇಜಿನಲ್ಲಿ ಒಬ್ಬರೂ ಮಾಡಿರಲಿಲ್ಲ, ಈಗಲೂ ನನಗೆ ಸಿಟ್ಟು ಬರುತ್ತದೆ.

ಆಮೇಲೆ ಕ್ಯಾಪ್. ಎಲ್ಲರೂ ತೆಗೆದು ಹಾಕುವ ವಸ್ತು, ಯಾರೂ ನೋಡದ ವಸ್ತು. ನನ್ನದರ ಕೆಳಗಿನ ಸಣ್ಣ ವಾಲ್ವಿನ ರಬ್ಬರ್ ಚಪ್ಪಟೆಯಾಗಿ ಬಿರಿದಿತ್ತು, ಸ್ಪ್ರಿಂಗ್ ಬೆರಳಿಂದ ಒತ್ತಿದರೆ ಸಲೀಸಾಗಿ ಕೂರುತ್ತಿತ್ತು. ಒತ್ತಡವೂ ನಿಲ್ಲದು, ಪಕ್ಕದ ಕೂಲಂಟ್ ಬಾಟಲಿಗೆ ಹೋದ ನೀರು ತಣ್ಣಗಾದಾಗ ವಾಪಸ್ ಎಳೆದುಕೊಳ್ಳಲೂ ಆಗದು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಇಲ್ಲಿ ಒತ್ತಡವಿಲ್ಲದ ಬರೀ ನೀರು 98ಕ್ಕೇ ಕುದಿಯುತ್ತದೆ. ನನ್ನ ಕಾರಿನ ಫ್ಯಾನ್ ಶುರುವಾಗುವುದೇ 97ಕ್ಕೆ! ನನ್ನ ರೇಡಿಯೇಟರಿನಲ್ಲಿ ಆಗ ಹೆಚ್ಚುಕಡಿಮೆ ಬರೀ ನೀರೇ ಇತ್ತು. ಹೊಸ ಕ್ಯಾಪ್ 180 ರೂಪಾಯಿ, ಮೇಲೆ ಒತ್ತಿರುವ ಒತ್ತಡದ ಅಂಕಿ 1.1. ಹಳೆಯದರ ಮೇಲಿದ್ದ ಅಂಕಿಯನ್ನೇ ನೋಡಿ ತಂದೆ. ಹೆಚ್ಚಿನದು ಹಾಕಿದರೆ ಹಳೆ ಹೋಸುಗಳು ಕೈಕೊಡುತ್ತವೆ. ಮೊದಲು ಮುನ್ನೂರು ಕಿ.ಮೀ.ಗೆ 200 ಮಿ.ಲೀ. ಮಾಯವಾಗುತ್ತಿತ್ತು. ಅದು ನಿಂತೇ ಹೋಯಿತು. ಬಿಸಿ ಮಾತ್ರ ಒಂದು ಡಿಗ್ರಿಯೂ ಇಳಿಯಲಿಲ್ಲ. ಆಗ ನನಗೆ ಹೊಳೆಯಿತು, ನೀರು ಹೋಗುವುದು ಒಂದು ರೋಗ, ಬಿಸಿಯಾಗುವುದು ಇನ್ನೊಂದು. ಎಲ್ಲರೂ ಎರಡನ್ನೂ ಕೂಡಿಸಿ ಗ್ಯಾಸ್ಕೆಟ್ ಅಂದಿದ್ದರು.

ಮುಂದಿನ ವಾರ ಫ್ಯಾನ್. ತಿರುಗುತ್ತಿದೆ ಅಲ್ವಾ ಅಂತ ಎಲ್ಲರೂ ಬಿಟ್ಟಿದ್ದರು. ತಿರುಗುವಾಗಲೇ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.9 ವೋಲ್ಟ್, ಫ್ಯಾನಿನ ಪ್ಲಗ್ಗಿನಲ್ಲಿ 10.6. ಪ್ಲಗ್ ಎಳೆದರೆ ಬರಲೊಲ್ಲದು. ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿ ಕರಗಿ ಅಂಟಿತ್ತು, ಪಿತ್ತಾಳೆ ಕಪ್ಪಾಗಿತ್ತು. ಹೊಸ ಕನೆಕ್ಟರ್, ಸ್ವಲ್ಪ ದಪ್ಪ ವೈರು, ಒಟ್ಟು 120 ರೂಪಾಯಿ. ಈಗ ಪ್ಲಗ್ಗಿನಲ್ಲಿ 13.5. ಫ್ಯಾನಿನ ಸದ್ದೇ ಬೇರೆಯಾಯಿತು. ವಾಚ್‌ಮನ್ ಬಂದು ಏನಾಯಿತು ಅಂತ ಕೇಳಿದ. ಪಾರ್ಕಿಂಗ್ ಪರೀಕ್ಷೆ 104ರಿಂದ 98ಕ್ಕೆ ಬಂತು. ಘಾಟಿನಲ್ಲಿ ಮಾತ್ರ ಇನ್ನೂ 105, 106.

ಇಲ್ಲಿ ಎರಡು ವಾರ ದಾರಿ ತಪ್ಪಿದೆ, ಅದನ್ನೂ ಹೇಳಿಬಿಡುತ್ತೇನೆ. ನೀರಿನ ಹಿಂದೆ ಬಿದ್ದಿದ್ದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿ.ಡಿ.ಎಸ್. ಮೀಟರ್ ಹಿಡಿದು ಮನೆಯ ನೀರೆಲ್ಲ ಅಳೆದೆ. ಬೋರ್ ನೀರು 700 ದಾಟಿತ್ತು. ಕಾರ್ಪೊರೇಷನ್ ನೀರು ನೂರರ ಒಳಗೆ. ಮನೆಯ ಎ.ಸಿ.ಯಿಂದ ಹನಿಯುವ ನೀರು 20. ಪುಕ್ಕಟೆ ಡಿಸ್ಟಿಲ್ಡ್ ವಾಟರ್ ಸಿಕ್ಕಿತು ಅಂತ ಖುಷಿಪಟ್ಟು ಒಂದು ಕ್ಯಾನ್ ತುಂಬಿಸಿಟ್ಟೆ. ಹದಿನೈದು ದಿನಕ್ಕೆ ಅದರಲ್ಲಿ ಲೋಳೆ ಕಟ್ಟಿತು. ಅದನ್ನು ವೈಪರ್ ಬಾಟಲಿಗೆ ಹಾಕಿ, ರೇಡಿಯೇಟರಿಗೆ ಅಂಗಡಿಯ ಡಿಸ್ಟಿಲ್ಡ್ ವಾಟರನ್ನೇ ತಂದೆ. ಗಟ್ಟಿ ಕೂಲಂಟ್ ಅರ್ಧ, ನೀರು ಅರ್ಧ. ಅದಕ್ಕೆ ಒಟ್ಟು 800ರ ಹತ್ತಿರ ಖರ್ಚು.

ಕೊನೆಗೆ ಬಂಪರ್ ಬಿಚ್ಚಿದೆ. ರೇಡಿಯೇಟರಿನ ಮುಂದೆ ಎ.ಸಿ.ಯ ಕಂಡೆನ್ಸರ್ ಇರುತ್ತದೆ, ಗಾಳಿ ಅದನ್ನು ದಾಟಿಯೇ ರೇಡಿಯೇಟರಿಗೆ ಬರಬೇಕು. ಗ್ರಿಲ್ಲಿನಿಂದ ಕಾಣುವ ಮೇಲಿನ ಅರ್ಧ ಕಂಡೆನ್ಸರ್ ಫಳಫಳ. ಬಂಪರ್ ಮತ್ತು ನಂಬರ್ ಪ್ಲೇಟಿನ ಹಿಂದಿರುವ ಕೆಳಗಿನ ಅರ್ಧ ಪೂರ್ತಿ ಮಣ್ಣು. ಹನ್ನೊಂದು ಮಳೆಗಾಲ ಲಾರಿಗಳ ಹಿಂದೆ ಓಡಿಸಿದ ಕೆಸರು ಒಣಗಿ, ಅದರಲ್ಲಿ ಹುಳ, ಬೇವಿನ ಎಲೆ ಎಲ್ಲ ಸೇರಿ ಸಗಣಿ ಸಾರಿಸಿದ ನೆಲದ ಹಾಗೆ ಗಟ್ಟಿಯಾಗಿತ್ತು. ಹಿಂದಿನಿಂದ ಟಾರ್ಚ್ ಹಿಡಿದರೆ ಒಂದು ಚುಕ್ಕೆ ಬೆಳಕೂ ಬರಲಿಲ್ಲ. ರೇಡಿಯೇಟರ್ ಎರಡು ಸಲ ಬದಲಾಯಿಸಿದವರು ಹಿಂದಿನಿಂದ ಕೆಲಸ ಮಾಡಿದ್ದರು, ಮುಂದೆ ಬಗ್ಗಿ ನೋಡಿರಲಿಲ್ಲ. ಒಮ್ಮೆ ವಾಷಿಂಗ್ ಸೆಂಟರಿನವರು ಜೋರು ನೀರು ಹೊಡೆದು ಒಂದು ಅಂಗೈಯಗಲ ಫಿನ್ನುಗಳನ್ನು (ತೆಳು ಲೋಹದ ಎಸಳುಗಳನ್ನು) ಮಲಗಿಸಿಬಿಟ್ಟಿದ್ದರು, ಅದೂ ಕಂಡಿತು.

ಆ ಮಣ್ಣನ್ನು ನೆನೆಸಲು ನಾನು ಏನು ಬಳಸಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅಡುಗೆಮನೆಯಲ್ಲೇ ಇರುವ ವಸ್ತು, ಅಲ್ಯೂಮಿನಿಯಂ ತಿನ್ನುವುದಿಲ್ಲ, ಇಷ್ಟು ಸಾಕು. ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಪೇಂಟ್ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆದೆ. ನೀರನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಬಿಟ್ಟೆ, ಗಿಡಕ್ಕೆ ಹಾಕುವ ಪೈಪಿನ ಒತ್ತಡ ಸಾಕು. ಎರಡು ಬಕೆಟ್ ಕೆಂಪು ನೀರು ಇಳಿಯಿತು. ಬಾಗಿದ ಫಿನ್ನುಗಳನ್ನು ಹೇನಿನ ಬಾಚಣಿಗೆಯಿಂದ ಒಂದೊಂದಾಗಿ ನೆಟ್ಟಗೆ ಮಾಡಿದೆ. ಮೂರು ತಾಸು, ಬೆನ್ನು ಹಿಡಿದುಕೊಂಡಿತು. ಮುಂದಿನ ಭಾನುವಾರ ಬೋಪದೇವ್ ತುದಿಯಲ್ಲಿ 99. ಎ.ಸಿ. ಕೂಡ ಎಂಟು ವರ್ಷದ ಹಿಂದಿನ ಹಾಗೆ ತಣ್ಣಗಾಯಿತು.

ಇಷ್ಟಾದ ಮೇಲೆ ಹೊಸ ಥರ್ಮೋಸ್ಟಾಟ್ ಹಾಕಿದೆ, 82 ಡಿಗ್ರಿಯದು, 650 ರೂಪಾಯಿ. ಹಾಕಬೇಡಿ ಅಂತ ಆ ವಿಜಯಪುರದವನು ಫೋನಿನಲ್ಲೇ ಜಗಳ ಮಾಡಿದ. ಘಾಟಿನ ಅಂಕಿ ಒಂದು ಡಿಗ್ರಿಯೂ ಏರಲಿಲ್ಲ. ಮೈಲೇಜ್ 16ಕ್ಕೆ ವಾಪಸ್ ಬಂತು. ಕೂಲಂಟ್ ತುಂಬಿದ ಮೇಲೆ ಒಳಗಿನ ಹವಾ ತೆಗೆಯುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಬರೆದು ತಿಳಿಸುವಂಥದ್ದಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಇನ್ನೊಂದು ಸಣ್ಣ ಪ್ರಯೋಗವೂ ಫಲ ಕೊಟ್ಟಿತು. ರೇಡಿಯೇಟರಿನ ಎರಡೂ ಪಕ್ಕದ ಸಂದಿಗೆ ಫೋಮ್ ಪಟ್ಟಿ ಅಂಟಿಸಿದೆ. ಗಾಳಿ ಪಕ್ಕದಿಂದ ನುಸುಳದೆ ಒಳಗಿಂದಲೇ ಹೋಗಬೇಕು. ಪಾರ್ಕಿಂಗ್ ಪರೀಕ್ಷೆಯಲ್ಲಿ ಎರಡು ಡಿಗ್ರಿ ಇಳಿಯಿತು, 40 ರೂಪಾಯಿ ಖರ್ಚಿಗೆ.

ನೆನಪಿನಿಂದ ಲೆಕ್ಕ ಹೇಳುವುದಾದರೆ, ಗ್ಯಾರೇಜು, ಪುಡಿ, ಡೂಪ್ಲಿಕೇಟ್ ಮಾಲು, ಟೋಯಿಂಗ್ ಎಲ್ಲ ಸೇರಿ ವ್ಯರ್ಥವಾದದ್ದು 11-12 ಸಾವಿರ. ನಿಜವಾಗಿ ಕೆಲಸ ಮಾಡಿದ ಕ್ಯಾಪ್, ಕನೆಕ್ಟರ್, ಥರ್ಮೋಸ್ಟಾಟ್, ಕೂಲಂಟ್, ಫೋಮ್ ಎಲ್ಲ ಕೂಡಿದರೆ 2 ಸಾವಿರಕ್ಕೂ ಕಡಿಮೆ. ಡಾಂಗಲ್ಲು, ಕಿಟ್ಟು ಬೇರೆ, ಅವು ಈಗ ಸೊಸೈಟಿಯ ಮೂರು ಮನೆಗೆ ಓಡಾಡುತ್ತಿವೆ. ರೇಡಿಯೇಟರಿನ 4,500 ಆ ಪುಡಿಯ ದಂಡ ಅಂತ ನಾನು ಬರೆದಿಟ್ಟಿದ್ದೇನೆ.

ಏಪ್ರಿಲ್‌ನಲ್ಲಿ ಧಾರವಾಡ ಮುಟ್ಟಿದಾಗ, ಸುಮಾರು 420 ಕಿ.ಮೀ. ಓಡಿದ ಕಾರಿನ ಬಾನೆಟ್ ಎತ್ತಿ ಹೆಂಡತಿಯ ತಮ್ಮನಿಗೆ ಬಾಟಲಿಯ ಮಟ್ಟ ತೋರಿಸಿದೆ. ಪುಣೆಯಲ್ಲಿ ಮಾರ್ಕರಿನಿಂದ ಎಳೆದ ಗೆರೆಯ ಮೇಲೇ ಇತ್ತು. ಅವನು ಮಾತಾಡಲಿಲ್ಲ. ಮರುದಿನ ತನ್ನ ಕಾರಿನ ಕೀ ತಂದು ಕೊಟ್ಟು, "ಭಾವ, ಇದರ ಕ್ಯಾಪೊಂದು ನೋಡ್ರಲಾ" ಅಂದ.

ಅಲ್ಲಿಂದ ಇಲ್ಲಿಯವರೆಗೆ ಬಾಟಲಿಯಲ್ಲಿ ಒಂದು 50 ಮಿ.ಲೀ. ಇಳಿದಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಹತ್ತಿರ ಹಸಿರು ಪುಡಿಯ ಗೆರೆಯೊಂದು ಒಣಗಿ ಕೂತಿದೆ. ಸೀಲ್ ಸೋರಲು ಶುರುವಾಗಿದೆ ಅಂತ ಕಾಣುತ್ತದೆ. ನಾನಾ ಪೇಠೆಯಿಂದ ಪಂಪ್ ತಂದಿಟ್ಟಿದ್ದೇನೆ, ಈ ಸಲ ಕಂಪನಿ ಮಾಲೇ, 1,900 ರೂಪಾಯಿ. ದೀಪಾವಳಿಗೆ ಊರಿಗೆ ಹೊರಡುವ ಮುಂಚಿನ ಭಾನುವಾರ ಬಿಚ್ಚುತ್ತೇನೆ.