ಬಂಡೆಯಂಚಿನಲ್ಲಿ ಕೂತು ತಿಮಿಂಗಿಲ ಎಣಿಸಿದ್ದು: ನನ್ನ ಅನುಭವ

ತಿಮಿಂಗಿಲ ಎಣಿಸೋಕೆ ಹೋಗುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ದೋಣಿಯ ಬಗ್ಗೆ. ದೋಣಿ ಇಲ್ಲ. ಕೊರಳಲ್ಲಿ ಬೈನಾಕ್ಯುಲರ್, ತೊಡೆ ಮೇಲೆ ಕ್ಲಿಪ್‌ಬೋರ್ಡ್, ಕೂರಲು ಒಂದು ಮಡಚುವ ಕುರ್ಚಿ. ಅಷ್ಟೇ ಸಾಮಾನು.

ಜಾಗ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಪಕ್ಕದ ಪಾಲೊಸ್ ವೆರ್ಡೆಸ್. ಅಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಕಡಿದಾದ ತುದಿಗೆ ಪಾಯಿಂಟ್ ವಿಸೆಂಟೆ ಅಂತ ಹೆಸರು. ಪಕ್ಕದಲ್ಲೇ 1926ರ ದೀಪಸ್ತಂಭ. ಬಾನು ತಿಳಿಯಾಗಿದ್ದರೆ ಎದುರಿಗೆ ಕ್ಯಾಟಲೀನಾ ದ್ವೀಪ ಕಾಣುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳ ರಕ್ಷಣೆಗೆ ಕೆಲಸ ಮಾಡುವ ಅಮೆರಿಕನ್ ಸಿಟೇಶಿಯನ್ ಸೊಸೈಟಿಯ ಲಾಸ್ ಏಂಜಲೀಸ್ ಶಾಖೆ 1984ರಲ್ಲಿ ಇಲ್ಲಿ ಹಂಗಾಮು ಪೂರ್ತಿ ಗಣತಿ ಶುರು ಮಾಡಿತು. ಡಿಸೆಂಬರ್ 1ರಿಂದ ಮೇ ಕೊನೆಯ ತನಕ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ. ಸರದಿಯಲ್ಲಿ ಕೂರುವವರು ನನ್ನಂಥ ಸ್ವಯಂಸೇವಕರು.

ನಾವು ಮುಖ್ಯವಾಗಿ ಎಣಿಸುವುದು ಬೂದು ತಿಮಿಂಗಿಲ. ಇವು ಬೇಸಿಗೆಯಲ್ಲಿ ಅಲಾಸ್ಕಾದ ಆಚೆಯ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಚಳಿಗಾಲಕ್ಕೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚಗಿನ ಹಿನ್ನೀರಿಗೆ ಇಳಿದು ಬರುತ್ತವೆ. ಅಲ್ಲಿ ಮರಿ ಹಾಕಿ ಮತ್ತೆ ಉತ್ತರಕ್ಕೆ ಹೊರಡುತ್ತವೆ. ಹೋಗಿ ಬರುವ ದಾರಿ 16 ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ನಮ್ಮ ಅದೃಷ್ಟಕ್ಕೆ ಇವು ತೀರದ ಪಕ್ಕದಲ್ಲೇ ಸಾಗುವ ಪ್ರಾಣಿಗಳು. ನಡುಗಡಲಲ್ಲಿ ಹೋಗುವ ತಿಮಿಂಗಿಲವನ್ನು ದಡದಲ್ಲಿ ಕೂತು ಯಾರಿಗೆ ಎಣಿಸಲಾಗುತ್ತದೆ ಹೇಳಿ?

ಮೊದಲು ಕಲಿಯಬೇಕಾದದ್ದು ಉಸಿರನ್ನು ಗುರುತಿಸುವುದು. ನಾವು ಅದಕ್ಕೆ ಬ್ಲೋ ಅನ್ನುತ್ತೇವೆ. ತಿಮಿಂಗಿಲ ನೀರು ಚಿಮ್ಮಿಸುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ನೀರಲ್ಲ. ಒಳಗಿನ ಬಿಸಿ ಉಸಿರು ಹೊರಗಿನ ತಂಪು ಗಾಳಿಗೆ ತಾಗಿ ಮಂಜಾಗುತ್ತದೆ, ಮೂಗಿನ ಹೊಳ್ಳೆ ಮೇಲೆ ನಿಂತ ಒಂದಿಷ್ಟು ನೀರೂ ಅದರ ಜೊತೆ ಹಾರುತ್ತದೆ. ಬೂದು ತಿಮಿಂಗಿಲಕ್ಕೆ ಎರಡು ಹೊಳ್ಳೆ. ಹಾಗಾಗಿ ಗಾಳಿ ಇಲ್ಲದ ದಿನ ಎದುರಿನಿಂದಲೋ ಹಿಂದಿನಿಂದಲೋ ನೋಡಿದರೆ ಬ್ಲೋ ಹೃದಯದ ಆಕಾರದಲ್ಲಿ, ಮೂರು ನಾಲ್ಕು ಮೀಟರ್ ಎತ್ತರಕ್ಕೆ ಏಳುತ್ತದೆ. ಪಕ್ಕದಿಂದ ಆ ಆಕಾರ ಕಾಣುವುದಿಲ್ಲ, ಬರೀ ದಪ್ಪಗಿನ ಹೊಗೆ. ಕೆಲವೇ ಸೆಕೆಂಡು, ಆಮೇಲೆ ಮಾಯ. ನೀಲಿ ತಿಮಿಂಗಿಲದ ಬ್ಲೋ ಇದರ ಎರಡು ಪಟ್ಟಿಗಿಂತ ಜಾಸ್ತಿ ಎತ್ತರ, ಕಂಬದ ಹಾಗೆ ನೆಟ್ಟಗೆ. ಅದನ್ನು ಒಮ್ಮೆ ನೋಡಿದವರು ಮತ್ತೆ ಗೊಂದಲ ಮಾಡಿಕೊಳ್ಳುವುದಿಲ್ಲ.

ಬ್ಲೋ ನೋಡಿ ಅನುಮಾನ ಬಂದರೆ ಬೆನ್ನು ನೋಡಬೇಕು. ಬೂದು ತಿಮಿಂಗಿಲಕ್ಕೆ ಬೆನ್ನ ಮೇಲೆ ಈಜುರೆಕ್ಕೆ ಇಲ್ಲ. ಒಂದು ತಗ್ಗು ಉಬ್ಬು, ಅದರ ಹಿಂದೆ ಬಾಲದವರೆಗೆ ಸಾಲಾಗಿ ಸಣ್ಣ ಸಣ್ಣ ಗಂಟುಗಳು. ಮುಷ್ಟಿ ಕಟ್ಟಿದಾಗ ಬೆರಳ ಗೆಣ್ಣುಗಳು ಎದ್ದು ಕಾಣುತ್ತವಲ್ಲ, ಹಾಗೆ. ಮೈತುಂಬ ಬಿಳಿ ಕಲೆ. ಕಲೆಗಳಲ್ಲಿ ಕೆಲವು ಅಂಟಿಕೊಂಡು ಬೆಳೆದಿರುವ ಬಾರ್ನಕಲ್ ಅನ್ನುವ ಸಣ್ಣ ಚಿಪ್ಪುಜೀವಿಗಳು, ಕೆಲವು ಅವು ಉದುರಿ ಹೋದ ಗುರುತು. ಬೆನ್ನ ಮೇಲೆ ರೆಕ್ಕೆ ಕಂಡಿತು ಅಂದರೆ ಅದು ಹಂಪ್‌ಬ್ಯಾಕ್, ಫಿನ್ ಅಥವಾ ಬೇರೆ ಯಾವುದೋ ಜಾತಿಯ ತಿಮಿಂಗಿಲ. ಅವಕ್ಕೆ ಬೇರೆ ಕಾಲಮ್ಮು.

ಇಷ್ಟನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ನಿಜವಾದ ಕಷ್ಟ ಬೇರೆ ಇದೆ. ಕಂಡ ತಿಮಿಂಗಿಲವನ್ನೇ ಎರಡನೇ ಸಲ ಎಣಿಸದೇ ಇರುವುದು. ಗಣತಿ ಅಂದರೆ ಮುಕ್ಕಾಲು ಪಾಲು ಇದೇ ಕೆಲಸ.

ಹೇಗೆ ಅಂತ ಹೇಳುತ್ತೇನೆ. ಸಾಗುತ್ತಿರುವ ಬೂದು ತಿಮಿಂಗಿಲಕ್ಕೆ ಒಂದು ಲಯ ಇರುತ್ತದೆ. ಅರ್ಧ ನಿಮಿಷಕ್ಕೊಂದರಂತೆ ಮೂರರಿಂದ ಐದು ಉಸಿರು. ಕೊನೆಯ ಉಸಿರಿಗೆ ಬೆನ್ನು ಜಾಸ್ತಿ ಬಾಗುತ್ತದೆ, ಎಷ್ಟೋ ಸಲ ಬಾಲ ಪೂರ್ತಿ ಮೇಲೆ ಬರುತ್ತದೆ. ಆಮೇಲೆ ಮೂರರಿಂದ ಐದು ನಿಮಿಷ ಪತ್ತೆ ಇಲ್ಲ. ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ 100 ಮೀಟರ್. ನಾಲ್ಕು ನಿಮಿಷ ಮುಳುಗಿದ್ದು ಸುಮಾರು 400 ಮೀಟರ್ ಮುಂದೆ ಏಳಬೇಕು. ಆ ಹೊತ್ತಿಗೆ ಒಂದು ಕಿಲೋಮೀಟರ್ ಮುಂದೆ ಬ್ಲೋ ಕಂಡರೆ ಅದು ಇನ್ನೊಂದು ಪ್ರಾಣಿ. ಹಿಂದೆ ಕಂಡರೂ ಇನ್ನೊಂದೇ ಇರಬೇಕು, ಇಲ್ಲಾ ನಮ್ಮದು ದಿಕ್ಕು ಬದಲಿಸಿರಬೇಕು. ಈ ನೂರು ಮೀಟರ್ ಲೆಕ್ಕ ನನಗೆ ಯಾವ ದುಬಾರಿ ಲೆನ್ಸಿಗಿಂತಲೂ ಉಪಯೋಗಕ್ಕೆ ಬಂದಿದೆ. ಗಡಿಯಾರ ನೋಡದೆ ಎಣಿಸುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಡಿಸೆಂಬರ್, ಜನವರಿಯಲ್ಲಿ ಇದು ಸುಲಭ. ಹೆಚ್ಚು ಕಡಿಮೆ ಎಲ್ಲವೂ ದಕ್ಷಿಣಕ್ಕೆ ಹೋಗುತ್ತಿರುತ್ತವೆ. ಏಪ್ರಿಲ್‌ನಲ್ಲೂ ಸುಲಭ, ಎಲ್ಲ ಉತ್ತರಕ್ಕೆ. ತಲೆ ತಿನ್ನುವುದು ಫೆಬ್ರವರಿ. ತಡವಾಗಿ ಹೊರಟವು ಇನ್ನೂ ಇಳಿಯುತ್ತಿರುತ್ತವೆ, ಬೇಗ ಮುಗಿಸಿದವು ವಾಪಸು ಹೊರಟಿರುತ್ತವೆ.

ಅಂಥ ಒಂದು ಬೆಳಗ್ಗೆ ಎರಡು ದಕ್ಷಿಣಕ್ಕೆ ಹೊರಟಿದ್ದವು, ದಡದಿಂದ ಒಂದೂವರೆ ಕಿಲೋಮೀಟರ್ ಆಚೆ. ಎದುರಿನಿಂದ ಒಂಟಿ ತಿಮಿಂಗಿಲ ಉತ್ತರಕ್ಕೆ ಬರುತ್ತಿತ್ತು. ಮೂರೂ ಒಂದೇ ಹೊತ್ತಿಗೆ ಮುಳುಗಿದವು. ನನ್ನ ಜೊತೆ ಕೂತಿದ್ದವರು ವಯಸ್ಸಾದ ಹೆಂಗಸು, ನನಗಿಂತ ಎಷ್ಟೋ ವರ್ಷ ಮೊದಲಿನಿಂದ ಎಣಿಸುತ್ತಿರುವವರು. ಅವರು ಬೈನಾಕ್ಯುಲರ್ ಇಳಿಸಿ ಬರಿಗಣ್ಣಲ್ಲಿ ಇಡೀ ಬಯಲು ನೋಡತೊಡಗಿದರು. ನಾನು ಗಡಿಯಾರ ಹಿಡಿದೆ. ಎರಡು ಗುಂಪು ಪರಸ್ಪರ ಎದುರು ಬರುವಾಗ ನಡುವಿನ ದೂರ ನಿಮಿಷಕ್ಕೆ 200 ಮೀಟರ್ ಕರಗುತ್ತದೆ. ಅಂದಾಜಿನ ಪ್ರಕಾರ ಅವು ನೀರಿನಡಿಯಲ್ಲೇ ಒಂದನ್ನೊಂದು ದಾಟಿರಬೇಕು. ಐದು ನಿಮಿಷಕ್ಕೆ ದಕ್ಷಿಣದ ಕಡೆ ಬ್ಲೋ ಎದ್ದಿತು, ಬೆನ್ನಿಗೇ ಇನ್ನೊಂದು, ಆಮೇಲೆ ಮತ್ತೊಂದು. ಉತ್ತರದ ಕಡೆ ಏನೂ ಇಲ್ಲ.

"ನಾಲ್ಕಿವೆ. ಉತ್ತರಕ್ಕೆ ಹೋದದ್ದು ಇನ್ನೂ ಮುಳುಗೇ ಇದೆ" ಅಂದೆ. "ಇರಿ, ಅಷ್ಟು ಬೇಗ ಬರೆಯಬೇಡಿ" ಅಂದರು.

ಅವರು ನೋಡುತ್ತಿದ್ದದ್ದು ಬ್ಲೋ ಅಲ್ಲ, ನೀರು. ತಿಮಿಂಗಿಲ ಬಾಲ ಬಡಿದಾಗ ಕೆಳಗಿನ ನೀರು ಮೇಲೆದ್ದು, ಅಲೆಗಳ ನಡುವೆ ನುಣ್ಣನೆಯ ಒಂದು ಗುಂಡು ಜಾಗ ಮೂಡುತ್ತದೆ. ನಾವು ಅದನ್ನು ಹೆಜ್ಜೆಗುರುತು ಅನ್ನುತ್ತೇವೆ. ತುಸು ಹೊತ್ತು ಹಾಗೇ ಉಳಿದಿರುತ್ತದೆ. ಎತ್ತರದಿಂದ ನೋಡಿದರೆ ನೀರೊಳಗಿನ ಪ್ರಾಣಿ ಯಾವ ಕಡೆ ಹೋಯಿತು ಅಂತ ಈ ಗುಂಡುಗಳ ಸಾಲೇ ಹೇಳುತ್ತದೆ. ಉತ್ತರದ ಕಡೆ ಒಂದೂ ಗುಂಡು ಇರಲಿಲ್ಲ. ಒಂಟಿಯಾಗಿ ಬಂದದ್ದು ತಿರುಗಿ ಆ ಎರಡರ ಜೊತೆ ಸೇರಿತ್ತು. ಆಮೇಲೆ ಮೂರೂ ಒಂದರ ಮೇಲೊಂದು ಹೊರಳಾಡಿದವು. ಎರಡಕ್ಕಿಂತ ಜಾಸ್ತಿ ದೊಡ್ಡವು ಸೇರಿ ಹೀಗೆ ಹೊರಳಿದರೆ ಅದು ಬಹುಪಾಲು ಬೆದೆಯಾಟ. ಒಂದು ಗಂಟೆ ನಮ್ಮ ಎದುರಿಗೇ ಸುತ್ತಾಡಿ ಯಾವ ಕಡೆಗೂ ಹೋಗಲಿಲ್ಲ. ಹಾಳೆಯಲ್ಲಿ ಮೂರು ಅಂತ ಬರೆದೆವು, ದಿಕ್ಕಿನ ಮನೆಯಲ್ಲಿ ವಿವರ ಬರೆದೆವು. ಬೈನಾಕ್ಯುಲರ್ ಕಣ್ಣಿಗೆ ಅಂಟಿಸಿಕೊಂಡು ಕೂತಿದ್ದರೆ ಇದರಲ್ಲಿ ಅರ್ಧವೂ ಕಾಣುತ್ತಿರಲಿಲ್ಲ.

ಆವತ್ತಿನಿಂದ ನಾನು ಬರಿಗಣ್ಣನ್ನು ಜಾಸ್ತಿ ಬಳಸುತ್ತೇನೆ. ಎಡದಿಂದ ಬಲಕ್ಕೆ ನಿಧಾನವಾಗಿ ಒಂದು ಸಲ ಬರಿಗಣ್ಣು, ವಾಪಸು ಬರುವಾಗ ಬೈನಾಕ್ಯುಲರ್. ಬಂಡೆಯ ಎತ್ತರ 40 ಮೀಟರ್ ಅಂತ ಹಿಡಿದರೂ ದಿಗಂತ 22 ಕಿಲೋಮೀಟರ್ ಆಸುಪಾಸು ದೂರ ಇರುತ್ತದೆ. ಕಣ್ಣು ತಾನಾಗಿಯೇ ಆ ಗೆರೆಯ ಕಡೆ ಓಡುತ್ತದೆ. ಆದರೆ ಏಪ್ರಿಲ್‌ನಲ್ಲಿ ತಾಯಿ ಮರಿ ಹೋಗುವುದು ಬಂಡೆಯ ಬುಡದಲ್ಲೇ, ಕೆಲ್ಪ್ ಅನ್ನುವ ಕಡಲಪಾಚಿಯ ತೋಟಕ್ಕೆ ಮೈ ತಾಗಿಸಿಕೊಂಡು. ದೂರ ನೋಡುವವರು ಕಾಲಡಿಯಲ್ಲಿ ಹೋಗುವುದನ್ನೇ ಬಿಡುತ್ತಾರೆ.

ಬೈನಾಕ್ಯುಲರ್ 7x50 (ಏಳು ಪಟ್ಟು ದೊಡ್ಡದು ಮಾಡುವ, 50 ಮಿಲಿಮೀಟರ್ ಲೆನ್ಸಿನದು) ಸಾಕು. ಜಾಸ್ತಿ ದೊಡ್ಡದು ಮಾಡಿ ತೋರಿಸುವುದು ಕೈಯಲ್ಲಿ ನಡುಗುತ್ತದೆ. ಒಳಗೆ ಅಳತೆ ಗೆರೆ ಇರುವುದು ಸಿಕ್ಕಿದರೆ ಒಳ್ಳೆಯದು. ದಿಗಂತದಿಂದ ಎಷ್ಟು ಗೆರೆ ಕೆಳಗಿದೆ ಅಂತ ನೋಡಿ, ಬಂಡೆಯ ಎತ್ತರ ಗೊತ್ತಿದ್ದರೆ, ದೂರ ಲೆಕ್ಕ ಹಾಕಬಹುದು. ದೂರದ ತಿಮಿಂಗಿಲದ ಜಾತಿ ಹೇಳಬೇಕೆಂದರೆ ಮಾತ್ರ ಸ್ಟ್ಯಾಂಡ್ ಮೇಲಿನ ಸ್ಪಾಟಿಂಗ್ ಸ್ಕೋಪ್, ಅಂದರೆ ಸಣ್ಣ ದೂರದರ್ಶಕ. ಟೋಪಿ, ಸನ್‌ಸ್ಕ್ರೀನ್, ದಪ್ಪ ಜಾಕೆಟ್ ಇವೆಲ್ಲ ಗೊತ್ತಿರುವುದೇ.

ಹವಾಮಾನದ ವಿಷಯಕ್ಕೆ ಬಂದರೆ ಗಾಳಿಯೇ ದೊಡ್ಡ ಶತ್ರು. ಗಾಳಿಯ ಜೋರನ್ನು ಸೊನ್ನೆಯಿಂದ ಹನ್ನೆರಡರವರೆಗಿನ ಬ್ಯೂಫೋರ್ಟ್ ಮಾಪಕದಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಮೂರಕ್ಕೆ ಅಲ್ಲಲ್ಲಿ ಬಿಳಿ ನೊರೆ ಶುರು. ಐದಕ್ಕೆ ಸಮುದ್ರ ಪೂರ್ತಿ ನೊರೆ, ಪ್ರತಿ ನೊರೆಯೂ ಬ್ಲೋ ಥರ ಕಾಣುತ್ತದೆ, ನಿಜವಾದ ಬ್ಲೋ ಎದ್ದ ಕೂಡಲೇ ಗಾಳಿ ಅದನ್ನು ಅಳಿಸುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ಎದುರಿಗೆ ಬಂದು ನೀರಿನ ಒಂದು ಭಾಗ ಬರೀ ಬೆಳ್ಳಿ ಹೊಳಪು. ವಸಂತದಲ್ಲಿ ಕಡಲ ಮಂಜು ಬಂದು ಕೂತರೆ ದೀಪಸ್ತಂಭವೂ ಕಾಣುವುದಿಲ್ಲ. ಇದೆಲ್ಲ ಹಾಳೆಯಲ್ಲಿ ಬರೆಯಲೇಬೇಕು. ಒಂದೂ ತಿಮಿಂಗಿಲ ಕಾಣದ ಗಂಟೆಗೆ ಸೊನ್ನೆ ಬರೆಯಬೇಕು, ಮಂಜು ಕವಿದ ಗಂಟೆಗೆ ಮಂಜು ಅಂತ ಬರೆಯಬೇಕು. ಇವೆರಡೂ ಒಂದೇ ಅಲ್ಲ. ತಿಳಿ ಸಮುದ್ರದಲ್ಲಿ ಎರಡು ಕಣ್ಣು ಬಿಟ್ಟು ನೋಡಿಯೂ ಇಲ್ಲ ಅಂದರೆ ಅದು ಮಾಹಿತಿ. ಹೊಸಬರಿಗೆ ಸೊನ್ನೆ ಬರೆಯಲು ಸಂಕೋಚ. ಏನೋ ಕಂಡಿತು ಅಂತ ಒಂದು ಬರೆಯೋಣ ಅನಿಸುತ್ತದೆ. ದಯವಿಟ್ಟು ಬೇಡ.

ಮತ್ತೆ ತಾಯಿ ಮರಿಯ ಮಾತಿಗೆ ಬರುತ್ತೇನೆ, ಏಕೆಂದರೆ ನಾವು ಅತಿ ಹೆಚ್ಚು ಕಾಯುವುದು ಅದಕ್ಕೇ. ಗಂಡುಗಳು, ಮರಿ ಇಲ್ಲದ ಹೆಣ್ಣುಗಳು ಮೊದಲು ಹೊರಡುತ್ತವೆ. ತಾಯಂದಿರು ಮರಿಗೆ ಬಲ ಬರಲಿ ಅಂತ ಹಿನ್ನೀರಲ್ಲೇ ಉಳಿದು ಕೊನೆಗೆ ಹೊರಡುತ್ತಾರೆ. ನಮ್ಮ ಎದುರು ದಾಟುವುದು ಏಪ್ರಿಲ್, ಮೇ ತಿಂಗಳಲ್ಲಿ. ಮರಿಗಳನ್ನು ಬೇಟೆಯಾಡುವ ಕಿಲ್ಲರ್ ವೇಲ್‌ಗಳ (ಓರ್ಕಾ) ಭಯ ಇರುವುದರಿಂದ ಸದ್ದಿಲ್ಲದೆ ಸಾಗುತ್ತವೆ. ಬ್ಲೋ ಬಹಳ ಸಣ್ಣದು, ಕೆಲವೊಮ್ಮೆ ಹೊಳ್ಳೆಯಷ್ಟೇ ನೀರಿನ ಮೇಲೆ ಬಂದು ಉಸಿರೆಳೆದು ಇಳಿಯುತ್ತದೆ. ಮರಿ ತಾಯಿಯ ಪಕ್ಕಕ್ಕೆ ಅಂಟಿಕೊಂಡೇ ಇರುತ್ತದೆ, ಆಚೆ ಮಗ್ಗುಲಲ್ಲಿದ್ದರೆ ನಮಗೆ ಕಾಣುವುದೇ ಇಲ್ಲ. ಅದಕ್ಕೆ ಈ ತಿಂಗಳುಗಳಲ್ಲಿ ಒಂಟಿ ಅಂತ ಕಂಡದ್ದನ್ನು ನಾನು ಮೂರು ನಾಲ್ಕು ಮುಳುಗು ಪೂರ್ತಿ ಹಿಂಬಾಲಿಸಿ ನೋಡುತ್ತೇನೆ. ಮರಿಗೆ ಅಮ್ಮನಷ್ಟು ಹೊತ್ತು ಉಸಿರು ಹಿಡಿಯಲು ಆಗುವುದಿಲ್ಲ. ಅಮ್ಮ ಏಳುವ ಮೊದಲೇ ಪುಟ್ಟ ಬ್ಲೋ ಎದ್ದರೆ ಗುಟ್ಟು ರಟ್ಟು.

ನಮ್ಮ ಲೆಕ್ಕದಿಂದ ಒಟ್ಟು ಸಂಖ್ಯೆ ಗೊತ್ತಾಗುವುದಿಲ್ಲ. ದಕ್ಷಿಣಕ್ಕೆ ಹೋಗುವಾಗ ಬಹಳಷ್ಟು ತಿಮಿಂಗಿಲಗಳು ದ್ವೀಪಗಳ ಆಚೆಯಿಂದ ಅಡ್ಡದಾರಿ ಹಿಡಿಯುತ್ತವೆ, ರಾತ್ರಿ ಹೋದವೂ ನಮಗೆ ಸಿಗುವುದಿಲ್ಲ. ಒಟ್ಟು ಅಂದಾಜು ಮಾಡುವುದು ಅಮೆರಿಕ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ವಿಜ್ಞಾನಿಗಳು. ಅವರು ಕೂರುವುದು ಇನ್ನೂ ಉತ್ತರಕ್ಕೆ, ಗ್ರಾನೈಟ್ ಕ್ಯಾನ್ಯನ್ ಅನ್ನುವಲ್ಲಿ. ಅಲ್ಲಿ ಬಹುತೇಕ ಎಲ್ಲವೂ ತೀರಕ್ಕೆ ಹತ್ತಿರ ಬರುತ್ತವೆ. ಕಣ್ತಪ್ಪಿದ್ದಕ್ಕೆ, ರಾತ್ರಿ ದಾಟಿದ್ದಕ್ಕೆ ಲೆಕ್ಕ ಸರಿಹೊಂದಿಸುತ್ತಾರೆ. ನಮ್ಮ ಹಾಳೆಯಿಂದ ತಿಳಿಯುವುದು ಬೇರೆ: ಯಾವಾಗ ಬಂದವು, ಈ ವರ್ಷ ಎಷ್ಟು ತಡ, ಮರಿ ಎಷ್ಟು, ಮೈ ಬಡವಾಗಿದೆಯೇ.

ಈ ಕೊನೆಯದು ಈಗ ಮುಖ್ಯವಾಗಿದೆ. ಈ ತೀರದ ಬೂದು ತಿಮಿಂಗಿಲ ಬೇಟೆಯಿಂದ ಅಳಿವಿನಂಚಿಗೆ ಹೋಗಿ ಚೇತರಿಸಿಕೊಂಡು, 1994ರಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದಲೇ ಹೊರಬಂದಿತ್ತು. 2016ರ ಹೊತ್ತಿಗೆ 27 ಸಾವಿರದ ಹತ್ತಿರ ಇದ್ದವು. 2018ರ ಕೊನೆಯಿಂದ 2023ರವರೆಗೆ ಮೆಕ್ಸಿಕೋದಿಂದ ಅಲಾಸ್ಕಾವರೆಗೆ ಸುಮಾರು 690 ಸತ್ತು ತೀರಕ್ಕೆ ಬಿದ್ದವು, ಹಲವು ಹಸಿವಿನಿಂದ ಸೊರಗಿದ್ದವು. ಆರ್ಕ್‌ಟಿಕ್ ಸಮುದ್ರದ ತಳದಲ್ಲಿ ಅವು ತಿನ್ನುವ ಸಣ್ಣ ಜೀವಿಗಳೇ ಕಡಿಮೆಯಾಗಿವೆ. 2025ರ ಅಂದಾಜು 13 ಸಾವಿರ ಮಾತ್ರ. ಆ ವಸಂತದಲ್ಲಿ ಮಧ್ಯ ಕ್ಯಾಲಿಫೋರ್ನಿಯಾದ ತೀರ ದಾಟಿದ ಮರಿಗಳು ಸುಮಾರು 85, 1994ರಲ್ಲಿ ಆ ಲೆಕ್ಕ ಶುರುವಾದಾಗಿನಿಂದ ಅತಿ ಕಡಿಮೆ.

ಹಾಗಾಗಿ ಈಗ ಬೆನ್ನು ಕಂಡಾಗಲೆಲ್ಲ ತಲೆಯ ಹಿಂದೆ, ಹೊಳ್ಳೆಯ ಹಿಂಬದಿಗೆ ತಗ್ಗು ಬಿದ್ದಿದೆಯೇ ಅಂತ ನೋಡುತ್ತೇನೆ. ತುಂಬಿಕೊಂಡ ತಿಮಿಂಗಿಲಕ್ಕೆ ಅಲ್ಲಿ ಕೊಬ್ಬು ಇರುತ್ತದೆ. ಬಡವಾದದ್ದಕ್ಕೆ ಕುತ್ತಿಗೆ ಕಡೆದಿಟ್ಟಂತೆ ಒಳಗೆ ಹೋಗಿರುತ್ತದೆ. ಹತ್ತಿರ ಹಾದುಹೋದರೆ ಜೂಮ್ ಲೆನ್ಸಲ್ಲಿ ಒಂದು ಫೋಟೋ ತೆಗೆದು ಸಮಯ ಬರೆದಿಡುತ್ತೇನೆ.

ಸೇರಬೇಕು ಅನಿಸಿದವರಿಗೆ ಒಂದು ಮಾತು. ಕಣ್ಣು ಅಷ್ಟು ಚುರುಕಿಲ್ಲ ಅಂತ ಹಿಂಜರಿಯಬೇಡಿ. ಬರೆಯುವವರು ಬೇಕೇ ಬೇಕು. ನೋಡುವವರು ಕೂಗಿದ ಸಮಯ, ದಿಕ್ಕು, ದೂರ, ಸಂಖ್ಯೆ ತಪ್ಪದೆ ಬರೆದುಕೊಳ್ಳುವವರು ಇಲ್ಲದ ಸರದಿಯಲ್ಲಿ ನೋಡುವವರು ತಲೆ ತಗ್ಗಿಸಬೇಕಾಗುತ್ತದೆ, ಆ ಅರ್ಧ ನಿಮಿಷದಲ್ಲೇ ಬ್ಲೋ ಏಳುತ್ತದೆ. ತರಬೇತಿ ಹಂಗಾಮಿಗೆ ಮೊದಲೇ ನಡೆಯುತ್ತದೆ. ಮೊದಲ ಕೆಲವು ಸರದಿ ಹಳಬರ ಪಕ್ಕದಲ್ಲೇ ಕೂರಿ, ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಗಾಳಿ ಏಳುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ.