ಕೂಸಿನ ತೂಕಕ್ಕೆ ಮೊದಲು ನೀರಿನ ಬಾಟಲಿ ತೂಗುತ್ತೇನೆ

ಮನೆಮನೆಗೆ ಹೋಗಿ ಬಾಣಂತಿ, ಕೂಸುಗಳನ್ನು ನೋಡುವ ಆಶಾ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ಕೂಸಿಗೆ ಮುಂಚೆ ಒಂದು ಲೀಟರ್ ನೀರಿನ ಬಾಟಲಿಯನ್ನು ತಕ್ಕಡಿಯ ಜೋಲಿಗೆ ಹಾಕಿ ನೋಡುತ್ತೇನೆ ಅಂದಾಗ ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ಈಗ ಅವರಲ್ಲೇ ನಾಲ್ಕೈದು ಜನ ಹಾಗೆ ಮಾಡುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಒಂದು ಮನೆ. ತಾಯಿ ಕಾರ್ಡಿನಲ್ಲಿ ಕೂಸಿನ ಹುಟ್ಟಿದ ತೂಕ 2.7 ಕೆಜಿ. ಮೂರನೇ ದಿನ ನನ್ನ ಸ್ಪ್ರಿಂಗ್ ತಕ್ಕಡಿಯಲ್ಲಿ 2.4. ಮೊದಲು ಸ್ವಲ್ಪ ಇಳಿಯುತ್ತೆ, ಸರಿ. ಆದರೆ 300 ಗ್ರಾಂ ಅಂದರೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಆಯಿತಲ್ವಾ? ನಾನು ಹೇಳಿದ್ದೇ ತಡ, ಅಜ್ಜಿ "ಇವಳಿಗೆ ಹಾಲೇ ಸಾಲ್ತಿಲ್ಲ" ಅಂದುಬಿಟ್ಟರು. ಸಂಜೆಗೆ ಪುಡಿ ಹಾಲಿನ ಎರಡು ಡಬ್ಬಿ ಬಂದವು, 900 ರೂಪಾಯಿ ಹತ್ತಿರ. ಬಾಣಂತಿ ಅಳುತ್ತಾ ಕೂತಿದ್ದಳು.

ನಮ್ಮ ನರ್ಸ್ ಸಿಸ್ಟರ್‌ಗೆ ಫೋನ್ ಮಾಡಿದೆ. ಬಂದು ನೋಡಿದರು. ಕೂಸು ಚೆನ್ನಾಗಿ ಚೀಪುತ್ತಿತ್ತು, ಉಚ್ಚೆ ಹೊಯ್ಯುತ್ತಿತ್ತು, ಮೈ ಬೆಚ್ಚಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಬಾಟಲಿ ತುಂಬಿಸಿ ದಿನಸಿ ಅಂಗಡಿಯಲ್ಲಿ ತೂಗಿಸಿದೆ, 1030 ಗ್ರಾಂ ಬಂತು. ನನ್ನ ತಕ್ಕಡಿ 900 ತೋರಿಸಿತು! ಅಂದರೆ ಕೂಸು 2.5ರ ಮೇಲೇ ಇತ್ತು. ಡಬ್ಬಿ ಒಡೆಯುವ ಮೊದಲೇ ಓಡಿ ಹೋಗಿ ಹೇಳಿದೆ.

ಈಗ ಖಾಲಿ ಜೋಲಿ ಸಮೇತ ಮುಳ್ಳನ್ನು ಸೊನ್ನೆಗೆ ತಂದು ಬಾಟಲಿ ತೂಗುತ್ತೇನೆ, ಆಮೇಲೆ ಕೂಸಿನ ಬಟ್ಟೆ ಬಿಚ್ಚಿಸಿ, ಹಾಲು ಕುಡಿಸುವ ಮುಂಚೆ ತೂಗುತ್ತೇನೆ, ಮುಂದಿನ ಸಲವೂ ಅದೇ ತಕ್ಕಡಿ. ನನ್ನ ತಕ್ಕಡಿಗೆ ಒಂದು ಗೆರೆ 100 ಗ್ರಾಂ, ಕೂಸು ದಿನಕ್ಕೆ ಏರುವುದು 25–30, ಹಾಗಾಗಿ ದಿನಾ ತೂಗಿದರೆ ಸುಮ್ನೆ ಗಾಬರಿ. ಚೀಪದೆ ಮಂಕಾಗಿದ್ದರೆ, ಮೈ ತಣ್ಣಗಿದ್ದರೆ ಮಾತ್ರ ಮುಳ್ಳು ನೋಡುತ್ತಾ ಕೂರುವುದಿಲ್ಲ, ನೇರ ಆಸ್ಪತ್ರೆಗೆ.

ನಡುವೆ 1,600 ಕೊಟ್ಟು ಡಿಜಿಟಲ್ ತಕ್ಕಡಿ ತಂದೆ. ಒಂದು ಕೂಸಿನ ಎಲ್ಲಾ ಮನೆ ಭೇಟಿ ಮುಗಿಸಿದರೆ ನಮಗೆ ಸಿಗುವುದು 250 ರೂಪಾಯಿ, ಲೆಕ್ಕ ನೀವೇ ಹಾಕಿ. ಕೂಸು ಎಷ್ಟು ಕುಡಿಯಿತು ಅಂತ ತಿಳಿಯಲು ಹಾಲು ಕುಡಿಯುವ ಮುಂಚೆ, ಆಮೇಲೆ ತೂಗಿ ನೋಡಿದೆ. ಒಮ್ಮೆ 40 ಗ್ರಾಂ ಜಾಸ್ತಿ, ಇನ್ನೊಮ್ಮೆ 10. ಬಿಟ್ಟೆ. ಅದನ್ನು ಹಾಸಿಗೆ ಮೇಲಿಟ್ಟರಂತೂ ಬಾಯಿಗೆ ಬಂದ ಅಂಕಿ, ಗಟ್ಟಿ ನೆಲವೇ ಬೇಕು.



ಆ ಕೂಸು 14ನೇ ದಿನಕ್ಕೆ 2.75, 28ಕ್ಕೆ 3.2 ಆಯಿತು, ಬರೀ ಎದೆಹಾಲಲ್ಲಿ. ಈಗ ಆ ಬೀದಿಗೆ ಹೋದರೆ ಆ ಅಜ್ಜಿಯೇ ಬಾಟಲಿಗೆ ನೀರು ತುಂಬಿಸಿ ತಂದುಕೊಡುತ್ತಾರೆ.