ಲೈಟ್ ಬೋರ್ಡಿನ ವಿಂಡೋಸ್ ಬದಲಿಸುವುದು ಹೇಗೆ?

ಬಣ್ಣದ ಕೀ, ಸಾಲು ಫೇಡರ್ (ಬೆಳಕು ಏರಿಸಿ ಇಳಿಸಲು ಸರಿಸುವ ಗುಂಡಿ) ನೋಡಿ ಎಷ್ಟೋ ಜನ ಮರೆಯುತ್ತಾರೆ, ರಂಗದ ಲೈಟ್‌ಗಳನ್ನೆಲ್ಲ ನಿಯಂತ್ರಿಸುವ ಲೈಟ್ ಬೋರ್ಡ್ ಕೂಡ ಒಂದು ಕಂಪ್ಯೂಟರೇ. ಅಮೆರಿಕದ ವಿಸ್ಕಾನ್ಸಿನ್‌ನ ಇಟಿಸಿ ಕಂಪನಿಯ ಈಯಾಸ್, ಐಯಾನ್ ಬೋರ್ಡ್‌ಗಳ ಒಳಗೆ ಓಡುವುದು ವಿಂಡೋಸ್. ಹಳೆಯ ಬೋರ್ಡ್‌ಗಳಲ್ಲಿ ವಿಂಡೋಸ್‌ನ ಹಳೆಯ ಆವೃತ್ತಿ ಎಕ್ಸ್‌ಪಿ ಇದೆ. ಅದರಲ್ಲಿ, ಎರಡೂ ಬೋರ್ಡ್‌ಗಳು ಬಳಸುವ ಈಯಾಸ್ ಸಾಫ್ಟ್‌ವೇರ್‌ನ 3ನೇ ಆವೃತ್ತಿ ಓಡುವುದಿಲ್ಲ. ಹಾಗಾಗಿ ಮೊದಲು ವಿಂಡೋಸ್ ಬದಲಾಗಬೇಕು.

ಸಾಫ್ಟ್‌ವೇರ್ ಅಪ್‌ಡೇಟ್ ಬೇರೆ, ವಿಂಡೋಸ್ ಬದಲಿಸುವುದು ಬೇರೆ. ಮೊದಲನೆಯದರಲ್ಲಿ ನಿಮ್ಮ ಫೈಲ್‌ಗಳು ಉಳಿಯುತ್ತವೆ. ಎರಡನೆಯದರಲ್ಲಿ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದ ಶೋ ಇಲ್ಲದ ಎರಡು ದಿನ ಕೈಯಲ್ಲಿಟ್ಟುಕೊಂಡೇ ಕೂರಿ.

ಎಲ್ಲ ಶೋ ಫೈಲ್‌ಗಳನ್ನೂ (ಒಂದೊಂದು ನಾಟಕದ ಬೆಳಕಿನ ವಿನ್ಯಾಸ ಇರುವ ಫೈಲ್) ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕಾಪಿ ಆಯಿತು ಅಂತ ನಂಬಿ ಸುಮ್ನೆ ಕೂರಬೇಡಿ. ಪ್ಯಾಚ್ (ಯಾವ ಚಾನೆಲ್ ನಂಬರಿಗೆ ಯಾವ ಲೈಟ್ ಎಂಬ ಪಟ್ಟಿ) ಮತ್ತು ಕ್ಯೂ (ನಾಟಕದಲ್ಲಿ ಬೆಳಕು ಬದಲಾಗುವ ಒಂದೊಂದು ಘಟ್ಟ) ಪಟ್ಟಿಯನ್ನು ಪಿಡಿಎಫ್ ಮಾಡಿಕೊಳ್ಳಿ.

ಇನ್ನು ನೆಟ್‌ವರ್ಕ್ ಸೆಟ್ಟಿಂಗ್. ಇದನ್ನು ಬರೆದುಕೊಳ್ಳದೆ ನಾನು ಒಂದು ಮಧ್ಯಾಹ್ನ ಕಳೆದುಕೊಂಡೆ. ಹೊಸ ವಿಂಡೋಸ್ ಬಂತು, ಶೋ ಫೈಲ್ ತೆರೆಯಿತು, ಫೇಡರ್ ಮೇಲೆತ್ತಿದರೆ ಪರದೆಯಲ್ಲಿ ಅಂಕಿ ಏರುತ್ತಿದೆ, ರಂಗದ ಮೇಲೆ ಮಾತ್ರ ಕತ್ತಲೆ! ನಮ್ಮ ನೋಡ್‌ಗಳು (ಬೋರ್ಡಿನ ಆಜ್ಞೆಯನ್ನು ನೆಟ್‌ವರ್ಕ್‌ನಿಂದ ಪಡೆದು ಲೈಟ್‌ಗಳಿಗೆ ಮುಟ್ಟಿಸುವ ಪೆಟ್ಟಿಗೆಗಳು) ಆರ್ಟ್‌ನೆಟ್ ಎಂಬ ಪ್ರೋಟೋಕಾಲ್‌ನವು, ಅಂದರೆ ಆ ಭಾಷೆಯಲ್ಲಿ ಬೋರ್ಡಿನ ಜೊತೆ ಮಾತಾಡುತ್ತವೆ. ಅವುಗಳ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಗುರುತಿನ ಸಂಖ್ಯೆ) 2ರಿಂದ ಶುರು. ಬೋರ್ಡ್ 10.101ರಿಂದ ಶುರುವಾಗುವ ತನ್ನ ಮೂಲ ವಿಳಾಸಕ್ಕೆ ಮರಳಿತ್ತು, ಹಾಗಾಗಿ ಎರಡೂ ಒಂದನ್ನೊಂದು ಕಾಣಲಿಲ್ಲ. ಅವತ್ತಿನಿಂದ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಯಾವ ಪ್ರೋಟೋಕಾಲ್ ಆನ್ ಇದೆ, ಬೋರ್ಡಿನ ಯೂಸರ್ ನಂಬರ್ ಎಷ್ಟು ಎಲ್ಲವನ್ನೂ ಚೀಟಿಯಲ್ಲಿ ಬರೆದು ಬೋರ್ಡಿನ ಅಡಿಗೆ ಅಂಟಿಸಿದ್ದೇನೆ. ಸೆಟ್ಟಿಂಗ್ ಪರದೆಯ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಈಗ ನೆಟ್‌ವರ್ಕ್ ಕೇಬಲ್ ಮತ್ತು ಬೇರೆ ಪೆನ್‌ಡ್ರೈವ್‌ಗಳನ್ನು ತೆಗೆಯಿರಿ. ಇಮೇಜ್ (ಬೋರ್ಡಿಗೆ ಹಾಕುವ ಹೊಸ ವಿಂಡೋಸ್ ಪೂರ್ತಿ ಇರುವ ಫೈಲ್) ನಿಮ್ಮದೇ ಮಾಡೆಲ್‌ದಾ ಅಂತ ಇನ್ನೊಮ್ಮೆ ನೋಡಿ. ಐಯಾನ್ ಇಮೇಜ್ ಐಯಾನ್‌ಗೇ ಆಗಬೇಕು. ಯುಪಿಎಸ್ ಇದ್ದರೆ ಅದಕ್ಕೇ ಪ್ಲಗ್ ಹಾಕಿ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ, ಮತ್ತೆ ಮೊದಲಿನಿಂದ ಶುರು. ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ, ಇಮೇಜ್ ಇರುವ ಪೆನ್‌ಡ್ರೈವ್‌ನಿಂದ ಆನ್ ಮಾಡಿ, ಪರದೆ ಹೇಳಿದಂತೆ ಮುಂದುವರಿಯಿರಿ. ಎಷ್ಟು ನಿಧಾನ ಅನಿಸಿದರೂ ಸ್ವಿಚ್ ಮುಟ್ಟಬೇಡಿ.

ಆದಮೇಲೆ ಈಯಾಸ್ ಸಾಫ್ಟ್‌ವೇರ್ ಹಾಕಿ. ಚೀಟಿ ನೋಡಿ ನೆಟ್‌ವರ್ಕ್ ತುಂಬಿ, ಟಚ್ ಸ್ಕ್ರೀನ್ ಮತ್ತು ಫೇಡರ್ ಕ್ಯಾಲಿಬ್ರೇಟ್ ಮಾಡಿ (ಅಳತೆ ಸರಿಹೊಂದಿಸಿ), ಕೇಬಲ್ ಸಿಕ್ಕಿಸಿ, ಪೆನ್‌ಡ್ರೈವ್‌ನಿಂದ ಶೋ ಫೈಲ್ ತೆರೆಯಿರಿ. ಒಂದೊಂದೇ ಚಾನೆಲ್ ಎತ್ತಿ, ರಂಗದ ಮೇಲೆ ಒಬ್ಬರನ್ನು ನಿಲ್ಲಿಸಿ ಯಾವ ಲೈಟ್ ಹತ್ತಿತು ಅಂತ ಕೂಗಿಸಿ. ಆಮೇಲೆ ಮೊದಲ ಕ್ಯೂನಿಂದ ಕೊನೆಯ ಕ್ಯೂವರೆಗೆ ಪೂರ್ತಿ ಓಡಿಸಿ.

ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ಫೈಲ್ ಹಳೆಯದರಲ್ಲಿ ತೆರೆಯದೇ ಹೋಗಬಹುದು. ಊರೂರಿಗೆ ನಾಟಕ ಒಯ್ಯುವವರು, ಮುಂದಿನ ರಂಗಮಂದಿರದ ಬೋರ್ಡಿನಲ್ಲಿ ಯಾವ ಆವೃತ್ತಿ ಇದೆ ಅಂತ ಫೋನ್ ಮಾಡಿ ಕೇಳಿ. ಬದಲಿಸುವ ಮುಂಚಿನ ಫೈಲ್‌ಗಳಿರುವ ಪೆನ್‌ಡ್ರೈವ್‌ಗೆ ತಾರೀಖು ಬರೆದು ಎತ್ತಿಡಿ.